ಸೋರುವ ಮನೆ, ಹನ್ನೊಂದು ತಿಂಗಳ ಕರಾರು

ಬಸವಕಲ್ಯಾಣದ ಆಟೋನಗರಕ್ಕೆ ಲಾರಿ ಬಾಡಿ ಕಟ್ಟುವ ಕೆಲಸಕ್ಕೆ ಬಂದವರು, ಹುಮನಾಬಾದ್‌ಗೆ ವರ್ಗವಾದ ನೌಕರರು ಮನೆ ಹಿಡಿಯುವುದು ಹೆಚ್ಚಾಗಿ 11 ತಿಂಗಳ ಕರಾರಿನ ಮೇಲೆ. ಮಳೆ ಶುರುವಾದರೆ ಛತ್ತು ಸೋರುತ್ತದೆ, ಗೋಡೆಯ ಸುಣ್ಣ ಉದುರಿ ಹಾಸಿಗೆ ಮೇಲೆ ಬೀಳುತ್ತದೆ, ಸ್ವಿಚ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. "ಕರಾರು ಮುಗಿಯೋತನಕ ಬಾಡಿಗೆ ಕೊಡ್ರಿ" ಅನ್ನುತ್ತಾರೆ ಮಾಲೀಕರು.

ಮನೆ ಬಿಡಬಹುದೇ?

ಮೊದಲು ಕರಾರಿನಲ್ಲಿರುವ ನೋಟಿಸ್ ಅವಧಿ ಓದಬೇಕು. ಕರಾರಿಲ್ಲದ ತಿಂಗಳ ಬಾಡಿಗೆಯಾದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ಲಿಖಿತ ನೋಟಿಸ್ ಸಾಕು. 108ನೇ ಕಲಂ ಇನ್ನೂ ಮುಖ್ಯ. ಬೆಂಕಿ, ಬಿರುಗಾಳಿ, ನೆರೆಯಿಂದ ಮನೆಯ ಮುಖ್ಯ ಭಾಗ ಕಾಯಂ ಆಗಿ ವಾಸಕ್ಕೆ ಬಾರದಂತಾದರೆ ಕರಾರು ರದ್ದುಮಾಡುವ ಹಕ್ಕು ಬಾಡಿಗೆದಾರರದು. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟರೂ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ನಡೆಯುತ್ತದೆ.

ಛತ್ತು ಸೋರಿತೆಂದ ಮಾತ್ರಕ್ಕೆ ಕರಾರು ತಾನಾಗಿ ಮುರಿಯದು. ರಾತ್ರೋರಾತ್ರಿ ಬೀಗ ಹಾಕಿ ಹೋದವರ ಡಿಪಾಸಿಟ್ಟಿಗೇ ಕುತ್ತು. ಸೋರಿಕೆಯ ಫೋಟೊ ತಾರೀಖು ಸಮೇತ ಇರಲಿ. ನೋಟಿಸ್ ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ, ರಸೀದಿ ಜೋಪಾನವಾಗಿರಲಿ.

ವಕೀಲರ ಫೀಸು ಭರಿಸಲಾಗದವರು 15100ಕ್ಕೆ ಕರೆ ಮಾಡಿ, ಉಚಿತ ಕಾನೂನು ನೆರವು ಕೇಳಿ.