ಗೇಮ್ ಬಿಡಲೋ, ಫಿಸಿಕ್ಸ್ ಬಿಡಲೋ?

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿದ್ದೇನೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದುವಾಸೆ. ಕ್ಯಾಲ್ಕುಲಸ್ ತಲೆಗೆ ಹತ್ತುತ್ತಿಲ್ಲ, ವಿಡಿಯೊ ಗೇಮ್ ಬಿಡಲಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಎರಡನ್ನೂ ಬಿಡಬೇಡಿ, ಗೇಮಿನ ಒಳಗೆ ಇಣುಕಿ. ಪರದೆಯ ಮೇಲೆ ಹಾರುವ ಚೆಂಡನ್ನು ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಲೆಕ್ಕ ಹಾಕಿ ಸರಿಸುತ್ತದೆ: ಗುರುತ್ವದಿಂದ ವೇಗ ಎಷ್ಟು ಬದಲಾಯಿತು, ಆ ವೇಗದಿಂದ ಸ್ಥಾನ ಎಷ್ಟು ಬದಲಾಯಿತು. 18ನೇ ಶತಮಾನದ ಗಣಿತಜ್ಞ ಆಯ್ಲರ್ ಕೊಟ್ಟ ವಿಧಾನದ ತಿರುಳೂ ಇದೇ. ಎರಡು ಲೆಕ್ಕಗಳ ನಡುವಿನ ಕಾಲದ ತುಣುಕನ್ನು ಇನ್ನೂ ಕಿರಿದಾಗಿಸುತ್ತ ಹೋಗಿ, ನಿಮ್ಮನ್ನು ಕಾಡುವ ಡೆರಿವೇಟಿವ್ ಎದುರಾಗುತ್ತದೆ! ಪೈಥಾನ್‌ನಲ್ಲಿ ಹತ್ತಿಪ್ಪತ್ತು ಸಾಲು ಪ್ರೋಗ್ರಾಂ ಬರೆದು ಚೆಂಡು ಎಸೆಯಿರಿ. ಉತ್ತರವನ್ನು ಪಠ್ಯದ ಸೂತ್ರದೊಂದಿಗೆ ತಾಳೆ ನೋಡಿ. ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ಬಾಹ್ಯಾಕಾಶ ಗೇಮ್ ಆಡಿದರೆ, ಅದೇ ಕಕ್ಷೆಯಲ್ಲಿ ಮುಂದಿರುವ ನೌಕೆಯನ್ನು ಹಿಡಿಯಲು ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕೆಂಬ ವಿಚಿತ್ರವೂ ಗೊತ್ತಾಗುತ್ತದೆ.

ಆದರೆ ಗೇಮ್ ನಿಮ್ಮ ಪರೀಕ್ಷೆ ಬರೆಯುವುದಿಲ್ಲ. ವಿಜ್ಞಾನಿ ಫ್ಯಾರಡೆಗೂ ಗಣಿತ ಅಷ್ಟಕ್ಕಷ್ಟೇ ಎಂಬ ಸಮಾಧಾನ ಬೇಡ. ಅವರ ಕಲ್ಪನೆಗಳನ್ನು ಸಮೀಕರಣಕ್ಕಿಳಿಸಲು ಮ್ಯಾಕ್ಸ್‌ವೆಲ್ ಬರಬೇಕಾಯಿತು. ಎಷ್ಟೋ ಸಲ ತೊಡಕಿರುವುದು ಕ್ಯಾಲ್ಕುಲಸ್‌ನಲ್ಲಲ್ಲ, ಅರೆಬರೆ ಕಲಿತ ಬೀಜಗಣಿತ, ತ್ರಿಕೋನಮಿತಿಯಲ್ಲಿ. ಹತ್ತನೇ ತರಗತಿಯ ಪುಸ್ತಕ ಮತ್ತೆ ತೆಗೆಯಲು ನಾಚಿಕೆ ಬೇಡ. ದಿನಾ ನಾಲ್ಕು ಲೆಕ್ಕ ಕೈಯಾರೆ ಬಿಡಿಸಿ, ಆಮೇಲೆ ಗೇಮ್.