ಹನ್ನೊಂದರ ಪಟ್ಟಿಗೂ ಮುನ್ನ ಲಸಿಕೆಯ ಪಟ್ಟಿ

2022ರ ಜನವರಿಯಲ್ಲಿ ಬ್ರೆಜಿಲ್ ಫುಟ್‌ಬಾಲ್ ತಂಡದ ಕೋಚ್ ಟಿಟೆ, ಈಕ್ವೆಡಾರ್ ಮತ್ತು ಪರಾಗ್ವೆ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಗಳಿಗೆ ತಂಡ ಪ್ರಕಟಿಸಿದರು. ಲೆಫ್ಟ್ ಬ್ಯಾಕ್ ರೆನಾನ್ ಲೋದಿಯ ಹೆಸರು ಅದರಲ್ಲಿರಲಿಲ್ಲ. ಅಟ್ಲೆಟಿಕೊ ಮ್ಯಾಡ್ರಿಡ್ ಪರ ಆಡುತ್ತಿದ್ದ ಲೋದಿ, ಆರು ತಿಂಗಳ ಹಿಂದೆ ಮರಕಾನ ಕ್ರೀಡಾಂಗಣದಲ್ಲಿ ನಡೆದ ಕೋಪಾ ಅಮೆರಿಕ ಫೈನಲ್‌ನಲ್ಲಿ ಆರಂಭಿಕ ಹನ್ನೊಂದರಲ್ಲಿದ್ದವರು. ಅವರನ್ನು ಕೈಬಿಟ್ಟಿದ್ದಕ್ಕೆ ಗಾಯ, ಅಮಾನತು, ಫಾರ್ಮ್ ಎಂಬ ಮಾಮೂಲಿ ಕಾರಣಗಳನ್ನು ಯಾರೂ ಕೊಡಲಿಲ್ಲ. ಅವರ ಕೊರೊನಾ ಲಸಿಕೆ ಪೂರ್ತಿಯಾಗಿಲ್ಲ ಎಂದು ತಂಡದ ಆಡಳಿತ ಬಹಿರಂಗವಾಗಿಯೇ ಹೇಳಿತು.

ಆಯ್ಕೆಯ ಸುದ್ದಿಗೋಷ್ಠಿಯಲ್ಲಿ ಇಂಥ ಮಾತು ಹೊಸದು. ಬ್ರೆಜಿಲ್ ಕ್ವಿಟೋದಲ್ಲಿ 1-1ರ ಡ್ರಾ ಮಾಡಿಕೊಂಡಿತು, ಬೆಲೊ ಹೊರಿಜಾಂಟೆಯಲ್ಲಿ ಪರಾಗ್ವೆಯನ್ನು 4-0ಯಿಂದ ಮಣಿಸಿತು. ಲೋದಿ ಇಲ್ಲದೆಯೂ ತಂಡ ನಡೆಯಿತು, ನಿಜ. ಆದರೆ ಆ ಪಟ್ಟಿ ಎತ್ತಿದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಲಸಿಕೆ ಹಾಕಿಸಿಕೊಳ್ಳುವುದು, ಬಿಡುವುದು ಆಟಗಾರನ ಸ್ವಂತ ವಿಚಾರವೋ, ತಂಡದ ವಿಚಾರವೋ?

ಕ್ಲಬ್ ತಂಡಕ್ಕೆ ಇದನ್ನು ನಿಧಾನವಾಗಿ ಬಗೆಹರಿಸಿಕೊಳ್ಳಲು ವರ್ಷವಿಡೀ ಸಮಯವಿದೆ. ರಾಷ್ಟ್ರೀಯ ತಂಡದ ಕಥೆ ಬೇರೆ. ಐದಾರು ದೇಶಗಳ ಕ್ಲಬ್‌ಗಳಿಂದ ಆಟಗಾರರು ವಿಮಾನವಿಳಿದು ಬರುತ್ತಾರೆ. ಒಂದೇ ಹೋಟೆಲ್, ಒಂದೇ ಬಸ್, ಒಂದೇ ಡ್ರೆಸ್ಸಿಂಗ್ ರೂಮ್. ಹತ್ತು ದಿನದೊಳಗೆ ಎರಡು ಮೂರು ಪಂದ್ಯ ಮುಗಿಸಿ ಮತ್ತೆ ಚದುರುತ್ತಾರೆ. ಸೋಂಕಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಬೇಕೆ?

ಸ್ಪೇನ್: ತಡವಾದ ಸೂಜಿ

2021ರ ಜೂನ್. ಒಂದು ವರ್ಷ ಮುಂದಕ್ಕೆ ಹೋಗಿದ್ದ ಯೂರೋ ಕಪ್ ಇನ್ನೇನು ಆರಂಭವಾಗಬೇಕು. ಜೂನ್ 6ರಂದು ಸ್ಪೇನ್ ನಾಯಕ ಸರ್ಜಿಯೊ ಬುಸ್ಕೆಟ್ಸ್‌ಗೆ ಕೊರೊನಾ ಪಾಸಿಟಿವ್ ಬಂತು. ಇಡೀ ತಂಡ ಪ್ರತ್ಯೇಕವಾಗಿರಬೇಕಾಯಿತು. ಎರಡು ದಿನದ ನಂತರ ಲಿಥುವೇನಿಯಾ ವಿರುದ್ಧದ ಸೌಹಾರ್ದ ಪಂದ್ಯಕ್ಕೆ 21 ವರ್ಷದೊಳಗಿನವರ ತಂಡವನ್ನೇ ಇಳಿಸಿದರು. ಹುಡುಗರು 4-0ಯಿಂದ ಗೆದ್ದು ಬಂದರು. ಮುಖ್ಯ ತಂಡದಲ್ಲಿ ಇನ್ನಷ್ಟು ಮಂದಿಗೆ ಸೋಂಕು ತಗುಲಿದರೆ ಇರಲಿ ಎಂದು ಕೋಚ್ ಲೂಯಿಸ್ ಎನ್ರಿಕೆ ಮೀಸಲು ಆಟಗಾರರ ಇನ್ನೊಂದು ಗುಂಪನ್ನೂ ಬೇರೆಯಾಗಿ ಅಭ್ಯಾಸಕ್ಕೆ ಹಚ್ಚಿದರು.

ಕೊನೆಗೆ ಜೂನ್ 11ರಂದು ಸೇನೆಯ ವೈದ್ಯಕೀಯ ಸಿಬ್ಬಂದಿ ಲಾಸ್ ರೋಸಾಸ್‌ನ ಶಿಬಿರಕ್ಕೆ ಬಂದು ಆಟಗಾರರಿಗೆ ಲಸಿಕೆ ಹಾಕಿದರು. ಸ್ವೀಡನ್ ವಿರುದ್ಧದ ಮೊದಲ ಪಂದ್ಯಕ್ಕೆ ಉಳಿದಿದ್ದದ್ದು ಮೂರೇ ದಿನ. ಜನಸಾಮಾನ್ಯರು ಸರದಿಯಲ್ಲಿ ಕಾಯುತ್ತಿರುವಾಗ ಫುಟ್‌ಬಾಲ್ ಆಟಗಾರರಿಗೇಕೆ ಮೊದಲ ಮಣೆ ಎಂದು ಒಂದು ಕಡೆಯವರು ಕೇಳಿದರು. ಒಲಿಂಪಿಕ್ಸ್‌ಗೆ ಹೋಗುವವರಿಗೆ ಕೊಟ್ಟ ಮೇಲೆ ಇವರಿಗೇಕಿಲ್ಲ ಎಂದು ಇನ್ನೊಂದು ಕಡೆಯವರು ವಾದಿಸಿದರು. ಎರಡೂ ವಾದದಲ್ಲಿ ಹುರುಳಿತ್ತು. ಆದರೆ ವೈದ್ಯಕೀಯವಾಗಿ ನೋಡಿದರೆ ಆ ಹೊತ್ತಿಗೆ ಗಡಿಯಾರವೇ ಕೈಕೊಟ್ಟಿತ್ತು. ಲಸಿಕೆಯ ರಕ್ಷಣೆ ಮೈಗೂಡಲು ಸುಮಾರು ಎರಡು ವಾರ ಬೇಕು, ತೋಳುನೋವು ಮತ್ತು ಜ್ವರಕ್ಕೆ ಒಂದೆರಡು ದಿನ ಸಾಕು. ಲಾಭ ಆಮೇಲೆ, ತೊಂದರೆ ಮೊದಲು. ತಂಡ ಪ್ರಕಟವಾಗಿದ್ದು ಮೇ 24ಕ್ಕೆ. ಆಗಲೇ ತೀರ್ಮಾನಿಸಿದ್ದರೆ ಗದ್ದಲದ ಮುಕ್ಕಾಲು ಪಾಲು ಇರುತ್ತಿರಲಿಲ್ಲ. ಇಲ್ಲಿ ಆಟಗಾರರ ತಪ್ಪೇನೂ ಇಲ್ಲ, ತೀರ್ಮಾನ ತೆಗೆದುಕೊಳ್ಳಬೇಕಾದವರು ತಡ ಮಾಡಿದರು.

ಜರ್ಮನಿ: ಸ್ವಾತಂತ್ರ್ಯದ ಬೆಲೆ

ಜೊಶುವಾ ಕಿಮ್ಮಿಚ್ ಬಯರ್ನ್ ಮ್ಯೂನಿಕ್ ಮತ್ತು ಜರ್ಮನಿ ತಂಡಗಳ ನಡುಕಂಬ. 2020ರ ಮಾರ್ಚ್‌ನಲ್ಲಿ ಸಹ ಆಟಗಾರ ಲಿಯಾನ್ ಗೊರೆಟ್ಸ್ಕಾ ಜೊತೆ 'ವಿ ಕಿಕ್ ಕೊರೊನಾ' ಎಂಬ ನಿಧಿ ಆರಂಭಿಸಿ, ಇಬ್ಬರೂ ಸೇರಿ 10 ಲಕ್ಷ ಯೂರೋ ಕೊಟ್ಟಿದ್ದರು. ಅಂಥವರು 2021ರ ಅಕ್ಟೋಬರ್‌ನಲ್ಲಿ ತಾವಿನ್ನೂ ಲಸಿಕೆ ಹಾಕಿಸಿಕೊಂಡಿಲ್ಲ ಎಂದು ಒಪ್ಪಿಕೊಂಡಾಗ ಜರ್ಮನಿ ಬೆಚ್ಚಿತು. ತಾವು ಲಸಿಕೆಯ ವಿರೋಧಿಯಲ್ಲ, ದೀರ್ಘಕಾಲದ ಅಧ್ಯಯನಗಳಿಲ್ಲ ಎಂಬುದಷ್ಟೇ ತಮ್ಮ ಅಳುಕು ಎಂದರು. ಲಸಿಕೆಯ ಅಡ್ಡಪರಿಣಾಮಗಳು ಸಾಮಾನ್ಯವಾಗಿ ಕೆಲವು ವಾರಗಳೊಳಗೇ ಕಾಣಿಸಿಕೊಳ್ಳುತ್ತವೆ, ವರ್ಷಗಟ್ಟಲೆ ಅವಿತು ಕೂರುವುದಿಲ್ಲ ಎಂದು ತಜ್ಞರು ಉತ್ತರಿಸಿದರು.

ನವೆಂಬರ್‌ನಲ್ಲಿ ಲಿಕ್ಟೆನ್‌ಸ್ಟೈನ್ ವಿರುದ್ಧದ ಅರ್ಹತಾ ಪಂದ್ಯಕ್ಕೆ ತಂಡ ವುಲ್ಫ್ಸ್‌ಬರ್ಗ್‌ನಲ್ಲಿ ಸೇರಿತ್ತು. ರಕ್ಷಣಾ ಆಟಗಾರ ನಿಕ್ಲಾಸ್ ಝೂಲೆಗೆ ಸೋಂಕು ಪತ್ತೆಯಾಯಿತು. ಝೂಲೆ ಲಸಿಕೆ ಹಾಕಿಸಿಕೊಂಡವರು ಎಂಬುದನ್ನು ಇಲ್ಲಿ ಮುಚ್ಚಿಡಬಾರದು. ಲಸಿಕೆ ಸೋಂಕನ್ನು ಪೂರ್ತಿ ತಡೆಯುವ ಕೋಟೆಯಾಗಿರಲಿಲ್ಲ, ಕಾಯಿಲೆಯ ತೀವ್ರತೆಯನ್ನು ತಗ್ಗಿಸುವುದು ಅದರ ದೊಡ್ಡ ಬಲ. ಕಿಮ್ಮಿಚ್ ಸೇರಿ ನಾಲ್ವರು ಸಂಪರ್ಕಿತರೆಂದು ಕ್ವಾರಂಟೈನ್‌ಗೆ ಹೋದರು. ಕೋಚ್ ಹಾನ್ಸಿ ಫ್ಲಿಕ್ ಬದಲಿ ಆಟಗಾರರನ್ನು ಕರೆಸಿಕೊಂಡು 9-0ಯಿಂದ ಗೆದ್ದರು. ಎದುರಾಳಿ ಲಿಕ್ಟೆನ್‌ಸ್ಟೈನ್ ಆಗಿದ್ದರಿಂದ ಸರಿಹೋಯಿತು, ಇಟಲಿಯೋ ಸ್ಪೇನೋ ಆಗಿದ್ದರೆ?

ಅದೇ ತಿಂಗಳ ಕೊನೆಗೆ ಕಿಮ್ಮಿಚ್‌ಗೇ ಸೋಂಕು ತಗುಲಿತು. ಶ್ವಾಸಕೋಶದಲ್ಲಿ ಅದರ ಗುರುತು ಉಳಿದಿದ್ದರಿಂದ ವರ್ಷಾಂತ್ಯದವರೆಗೆ ಮೈದಾನಕ್ಕೆ ಇಳಿಯಲಾಗಲಿಲ್ಲ. ಡಿಸೆಂಬರ್‌ನಲ್ಲಿ, ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕಿತ್ತು ಎಂದು ಟಿವಿ ಸಂದರ್ಶನದಲ್ಲಿ ಅವರೇ ಹೇಳಿದರು. ಯಾರೂ ಅವರನ್ನು ಬಲವಂತ ಮಾಡಿರಲಿಲ್ಲ. ಬೆಲೆಯನ್ನು ಮಾತ್ರ ಅವರೂ ತೆತ್ತರು, ಅವರ ತಂಡವೂ ತೆತ್ತಿತು.

ಗಡಿ ಕೇಳುವ ಚೀಟಿ

ಆಯ್ಕೆಗಾರರು ಒಪ್ಪಿದರೂ ಗಡಿಯಲ್ಲಿರುವವರು ಒಪ್ಪಬೇಕಲ್ಲ! 2021ರ ಸೆಪ್ಟೆಂಬರ್ 5ರಂದು ಸಾವೊ ಪಾಲೊದಲ್ಲಿ ಬ್ರೆಜಿಲ್–ಅರ್ಜೆಂಟೀನಾ ವಿಶ್ವಕಪ್ ಅರ್ಹತಾ ಪಂದ್ಯ ಶುರುವಾಗಿ ಐದಾರು ನಿಮಿಷವಾಗಿತ್ತಷ್ಟೆ. ಬ್ರೆಜಿಲ್‌ನ ಆರೋಗ್ಯ ನಿಯಂತ್ರಣ ಸಂಸ್ಥೆ ಅನ್ವಿಸಾದ ಅಧಿಕಾರಿಗಳು ನೇರ ಮೈದಾನಕ್ಕೆ ನುಗ್ಗಿದರು. ಇಂಗ್ಲೆಂಡ್‌ನಿಂದ ಬಂದಿದ್ದ ಅರ್ಜೆಂಟೀನಾದ ನಾಲ್ವರು ಕ್ವಾರಂಟೈನ್ ನಿಯಮ ಮುರಿದಿದ್ದಾರೆ, ಪ್ರವೇಶ ಅರ್ಜಿಯಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದಾರೆ ಎಂಬುದು ಆರೋಪ. ಆ ನಾಲ್ವರಲ್ಲಿ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಸೇರಿ ಮೂವರು ಅಂಗಳದಲ್ಲೇ ಇದ್ದರು. ಪಂದ್ಯ ನಿಂತಿತು. ಮರುಪಂದ್ಯಕ್ಕೆ ಫಿಫಾ ಆದೇಶಿಸಿತು, ದಂಡ ಹಾಕಿತು. ಎರಡೂ ತಂಡ ಕತಾರ್ ವಿಶ್ವಕಪ್‌ಗೆ ಅರ್ಹತೆ ಪಡೆದಾಗಿದ್ದರಿಂದ ಕೊನೆಗೆ ಆ ಪಂದ್ಯ ನಡೆಯಲೇ ಇಲ್ಲ.

ಆರೋಗ್ಯದ ಚೀಟಿ ಕೇಳುವ ಪದ್ಧತಿ ಕೊರೊನಾ ತಂದದ್ದೂ ಅಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗಬೇಕಾದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿದ್ದರಷ್ಟೇ ಅದಕ್ಕೆ ಬೆಲೆ. ಆ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು ಭಾರತವೂ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತದೆ. ಈ ನಿಯಮದ ಮುಂದೆ ಗೋಲು ಹೊಡೆಯುವವನೂ ಒಂದೇ, ಗೋಡಂಬಿ ವ್ಯಾಪಾರಿಯೂ ಒಂದೇ.

ನಮ್ಮ ಕಥೆ

2021ರ ಮಾರ್ಚ್‌ನಲ್ಲಿ ಭಾರತ ತಂಡದ ನಾಯಕ, ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿಗೆ ಕೊರೊನಾ ಬಂತು. ದುಬೈನ ಎರಡು ಸೌಹಾರ್ದ ಪಂದ್ಯಗಳು ಅವರ ಕೈತಪ್ಪಿದವು. ಒಮಾನ್ ವಿರುದ್ಧ 1-1ರ ಡ್ರಾ, ಯುಎಇ ವಿರುದ್ಧ 0-6ರ ಸೋಲು. ಆಗಿನ್ನೂ ನಮ್ಮಲ್ಲಿ ಅವರ ವಯಸ್ಸಿನವರಿಗೆ ಲಸಿಕೆಯೇ ತೆರೆದಿರಲಿಲ್ಲ. 18 ದಾಟಿದವರ ಸರದಿ ಬಂದದ್ದು ಮೇ 1ಕ್ಕೆ. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ ಆಮೇಲೆ 12ರಿಂದ 16 ವಾರಕ್ಕೆ ಹಿಗ್ಗಿತು. ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳು, ಉದ್ಯೋಗಿಗಳು ಮತ್ತು ಟೋಕಿಯೊ ಒಲಿಂಪಿಕ್ಸ್ ತಂಡದವರಿಗೆ 28 ದಿನಗಳ ಬಳಿಕ ಎರಡನೇ ಡೋಸ್ ಪಡೆಯಲು ಬಿಟ್ಟಿತು. ಆ ಹೊತ್ತಿಗೆ ನಮ್ಮ ಫುಟ್‌ಬಾಲ್ ತಂಡ ಅರ್ಹತಾ ಪಂದ್ಯಗಳಿಗಾಗಿ ದೋಹಾ ತಲುಪಿಯಾಗಿತ್ತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಹಿಳೆಯರಿಗೆ. 2022ರ ಜನವರಿಯಲ್ಲಿ ಭಾರತವೇ ಆತಿಥ್ಯ ವಹಿಸಿದ್ದ ಎಎಫ್‌ಸಿ ಏಷ್ಯನ್ ಕಪ್, 2023ರ ವಿಶ್ವಕಪ್‌ಗೆ ದಾರಿಯೂ ಆಗಿತ್ತು. ಇರಾನ್ ವಿರುದ್ಧ ಗೋಲಿಲ್ಲದ ಡ್ರಾ ಆಯಿತು. ಜನವರಿ 23ರಂದು ನವಿ ಮುಂಬೈಯಲ್ಲಿ ಚೈನೀಸ್ ತೈಪೆ ಎದುರು ಆಡಬೇಕಿದ್ದ ತಂಡದ 12 ಮಂದಿಗೆ ಪಾಸಿಟಿವ್. ಕನಿಷ್ಠ ಬೇಕಿದ್ದ 13 ಆಟಗಾರ್ತಿಯರೂ ಸಿಗದೆ ಪಂದ್ಯ ರದ್ದಾಯಿತು, ಭಾರತ ಟೂರ್ನಿಯಿಂದಲೇ ಹೊರಬಿತ್ತು. ವರ್ಷಗಳ ಸಿದ್ಧತೆ ಒಂದು ಸಂಜೆಗೆ ನೀರುಪಾಲು. ದೇಶದಲ್ಲಿ 15ರಿಂದ 18ರ ವಯಸ್ಸಿನವರಿಗೆ ಲಸಿಕೆ ಆರಂಭವಾಗಿದ್ದೇ ಆ ಜನವರಿ 3ಕ್ಕೆ. 28 ದಿನಗಳ ಅಂತರದ ಎರಡನೇ ಡೋಸ್, 20ಕ್ಕೆ ಶುರುವಾದ ಟೂರ್ನಿಗೂ ಮುನ್ನ ಆ ವಯಸ್ಸಿನ ಯಾರಿಗೂ ಸಿಗುವಂತಿರಲಿಲ್ಲ. ಇಂಥ ಸ್ಥಿತಿಯಲ್ಲಿ ಆಟಗಾರ್ತಿಯರತ್ತ ಬೆರಳು ತೋರಿಸುವುದು ಅನ್ಯಾಯ.

ಹಾಗಾದರೆ ಯಾರ ಹೊಣೆ?

ಈ ಎಲ್ಲ ಪ್ರಸಂಗಗಳಿಂದ ಹೊರಡುವ ನ್ಯಾಯ ಸರಳವಾಗಿದೆ. ಮೊದಲ ಹೊಣೆ ಫುಟ್‌ಬಾಲ್ ಸಂಘಟನೆಯದು. ಯಾವ ದೇಶಕ್ಕೆ ಯಾವ ಲಸಿಕೆ ಬೇಕು, ಎಷ್ಟು ದಿನ ಮೊದಲು ಬೇಕು ಎಂಬುದನ್ನು ಪಂದ್ಯದ ವೇಳಾಪಟ್ಟಿಯ ಜೊತೆಗೇ ಆಟಗಾರರ ಕೈಗಿಡಬೇಕು. ಲಸಿಕೆ ಒದಗಿಸಬೇಕು, ಅನುಮಾನವಿದ್ದವರನ್ನು ವೈದ್ಯರ ಜೊತೆ ಕೂರಿಸಿ ಮಾತಾಡಿಸಬೇಕು. ಇಷ್ಟಾದ ಮೇಲೂ ಆಟಗಾರ ಒಲ್ಲೆನೆಂದರೆ ಆ ಹಕ್ಕು ಅವನದು, ಪಟ್ಟಿಯಿಂದ ಹೆಸರು ತೆಗೆಯುವ ಹಕ್ಕು ಕೋಚ್‌ನದು. ರಾಷ್ಟ್ರೀಯ ಜೆರ್ಸಿ ಯಾರಿಗೂ ಜನ್ಮಸಿದ್ಧವಲ್ಲ. ಮೊದಲ ಕೆಲಸ ಮಾಡದ ಸಂಘಟನೆಗೆ ಎರಡನೆಯದನ್ನು ಮಾಡುವ ನೈತಿಕ ಬಲ ಇರುವುದಿಲ್ಲ.

ಇದು ದೊಡ್ಡ ದೇಶಗಳ ದೊಡ್ಡ ತಂಡಗಳಿಗಷ್ಟೇ ಸೇರಿದ ಮಾತಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಮಣಿಸಿ. ರಾಜ್ಯ ತಂಡದ ಹುಡುಗರೂ ಈಗ ಪಾಸ್‌ಪೋರ್ಟ್ ಹಿಡಿದು ಆಡಲು ಹೋಗುವ ಕಾಲ. ಆದ್ದರಿಂದ ಜಿಲ್ಲಾ ಶಿಬಿರದಿಂದಲೇ ಪ್ರತಿ ಆಟಗಾರನ ಹೆಸರಿನಲ್ಲಿ ಒಂದು ಲಸಿಕೆ ದಾಖಲೆ ತೆರೆಯಲಿ. ಟೆಟನಸ್, ಹೆಪಟೈಟಿಸ್ ಬಿ, ದಡಾರದಂಥ ಸಾಮಾನ್ಯ ಲಸಿಕೆಗಳಿಂದಲೇ ಅದು ಆರಂಭವಾಗಲಿ. ಶಿಬಿರದ ಮೊದಲ ದಿನ ಎತ್ತರ, ತೂಕ, ಓಟದ ವೇಗ ಬರೆದುಕೊಳ್ಳುವ ಪುಸ್ತಕದಲ್ಲೇ ಅದಕ್ಕೊಂದು ಕಾಲಂ ಹಾಕಿದರೆ ಸಾಕು. ಅದಕ್ಕೆ ಖರ್ಚೂ ಇಲ್ಲ, ಕಾಯುವ ಅಗತ್ಯವೂ ಇಲ್ಲ.