ಶಿಶುಗಳ ಕಾರ್ಟೂನು: ಯೋಗ್ಯತೆಯ ಪರೀಕ್ಷೆ

ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗೆಂದೇ ಸಿದ್ಧವಾಗುವ ಕಾರ್ಟೂನುಗಳು ಈಗ ಕನ್ನಡದಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಇವುಗಳಿಗೆ ವಿಶೇಷವಾದ ಆದರವುಂಟು. ಬೀದಿಯಲ್ಲಿ ಗುಜರಾತಿಯನ್ನೂ ಬಾಲವಾಡಿಯಲ್ಲಿ ಇಂಗ್ಲಿಷನ್ನೂ ಕೇಳುವ ಕೂಸಿಗೆ ಪರದೆಯಾದರೂ ಕನ್ನಡವನ್ನು ಕಲಿಸೀತೆಂಬ ಆಸೆಯೇ ಇದಕ್ಕೆ ಕಾರಣ. ಈ ಆಸೆ ಎಷ್ಟರಮಟ್ಟಿಗೆ ಸಾಧುವಾದುದು, ಕಾರ್ಟೂನಿನ ಯೋಗ್ಯತೆಯನ್ನು ನಿರ್ಣಯಿಸುವ ಒರೆಗಲ್ಲು ಯಾವುದು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಪರದೆಯ ಮೂಲಕ ಮಕ್ಕಳಿಗೆ ಕನ್ನಡವನ್ನು ತಲುಪಿಸುವ ಯತ್ನಕ್ಕೂ ಅಹಮದಾಬಾದಿಗೂ ಹಳೆಯ ನಂಟಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಒಳಗೊಂಡಿತ್ತು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗಾಗಿ ಸಿದ್ಧಪಡಿಸಿದ ಕನ್ನಡ ಕಾರ್ಯಕ್ರಮಗಳು ಉಪಗ್ರಹಕ್ಕೆ ಏರಿದ್ದು ಅಹಮದಾಬಾದಿನ ಭೂಕೇಂದ್ರದಿಂದ. ಆದರೆ ಬೆಳಗಿನ ಹೊತ್ತು ಅವುಗಳನ್ನು ನೋಡುತ್ತಿದ್ದ ಮಕ್ಕಳು 5ರಿಂದ 12 ವರ್ಷದವರು. ಅದಕ್ಕೂ ಚಿಕ್ಕವರ ವಿಷಯವೇ ಬೇರೆ.

ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರೀಷಿಯಾ ಕುಹ್ಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗವು ಇಲ್ಲಿ ಮನನೀಯವಾಗಿದೆ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಶಿಶುಗಳಿಗೆ 12 ಸರದಿಗಳಲ್ಲಿ ಚೀನೀ ಮಾತನ್ನು ಕೇಳಿಸಲಾಯಿತು. ಎದುರಿಗೆ ಕುಳಿತ ವ್ಯಕ್ತಿಯಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸಬಲ್ಲವಾದುವು. ಅದೇ ಮಾತನ್ನು ಪರದೆಯಿಂದ ಕೇಳಿದ ಶಿಶುಗಳಿಗೆ ಏನೂ ದಕ್ಕಲಿಲ್ಲ. ಕೂಸು ಮಾತನಾಡುವವರ ಕಣ್ಣನ್ನು ನೋಡುತ್ತದೆ, ತೊದಲಿದಾಗ ಉತ್ತರವನ್ನು ನಿರೀಕ್ಷಿಸುತ್ತದೆ. ಪರದೆಯಾದರೋ ಅದರ ತೊದಲನ್ನು ಕೇಳಿಸಿಕೊಳ್ಳಲಾರದು. ಮೂರು ವರ್ಷ ದಾಟಿದ ಬಳಿಕ ಮಗು ಪರದೆಯಿಂದಲೂ ಹೊಸ ಶಬ್ದಗಳನ್ನು ಗ್ರಹಿಸಬಲ್ಲುದು. ಅದಕ್ಕೆ ಮುಂಚೆ ಪಕ್ಕದಲ್ಲಿ ಒಬ್ಬ ಹಿರಿಯರು ಕುಳಿತು ಚಿತ್ರಕ್ಕೂ ಮಗುವಿಗೂ ನಡುವೆ ಸೇತುವೆಯಾಗಬೇಕು. ಕನ್ನಡದಲ್ಲಿದೆಯೆಂಬ ಒಂದೇ ಗುಣದಿಂದ ಕಾರ್ಟೂನು ಕನ್ನಡವನ್ನು ಕಲಿಸಲಾರದೆಂಬುದು ಇದರ ತಾತ್ಪರ್ಯ.

ಎರಡನೆಯ ಅಂಶ ವೇಗ. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾನಿಲಯದ ಏಂಜೆಲಿನ್ ಲಿಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಕ್ಷಣಕ್ಷಣಕ್ಕೂ ದೃಶ್ಯ ಬದಲಾಗುವ ಅದ್ಭುತ ಕಾರ್ಟೂನನ್ನೂ ಇನ್ನೊಂದು ನಿಧಾನಗತಿಯ ಚಿತ್ರವನ್ನೂ ಒಂಬತ್ತು ನಿಮಿಷ ನೋಡಿತು; ಮೂರನೆಯದು ಬಣ್ಣದಿಂದ ಚಿತ್ರ ಬರೆಯಿತು. ಒಡನೆಯೇ ನಡೆದ ಪರೀಕ್ಷೆಯಲ್ಲಿ ಮೊದಲನೆಯ ಗುಂಪು ಗಮನದಲ್ಲಿಯೂ ಸಂಯಮದಲ್ಲಿಯೂ ಹಿಂದೆ ಬಿದ್ದಿತು. ಈ ಪರಿಣಾಮ ಬಹುಕಾಲ ನಿಲ್ಲುವುದೆಂದು ಆ ಪ್ರಯೋಗದಿಂದ ಸಿದ್ಧವಾಗುವುದಿಲ್ಲ. ಆದರೂ ಊಟಕ್ಕೋ ನಿದ್ರೆಗೋ ಮುಂಚೆ ಇಂಥದನ್ನು ತೋರಿಸಿ, ಬಳಿಕ ಮಗುವಿನ ಹಟವನ್ನು ದೂರುವುದು ನ್ಯಾಯವಲ್ಲ.

ಮೂರನೆಯದು ಪುನರಾವೃತ್ತಿ ಮತ್ತು ಬಿಡುವು. 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಎಂಬ ಕಾರ್ಯಕ್ರಮದಲ್ಲಿ ಪಾತ್ರಧಾರಿಯು ಪ್ರಶ್ನೆ ಕೇಳಿ, ಮಗು ಉತ್ತರಿಸಲೆಂದು ಸುಮ್ಮನಾಗುತ್ತಿದ್ದನು. ಒಂದೇ ಕಂತನ್ನು ಐದು ದಿನ ತೋರಿಸುತ್ತಿದ್ದರು. ಮರಳಿ ನೋಡಿದಂತೆಲ್ಲ ಮಕ್ಕಳ ತಿಳುವಳಿಕೆಯೂ ಉತ್ತರಿಸುವ ಉತ್ಸಾಹವೂ ಹೆಚ್ಚಿದುದನ್ನು ಸಂಶೋಧಕರು ಕಂಡರು. ನಮ್ಮ ಅಜ್ಜಿಯರಿಗೆ ಇದು ಹೊಸ ಸಂಗತಿಯಲ್ಲ. ಪ್ರತಿರಾತ್ರಿಯೂ ಅದೇ ಕಾಗಕ್ಕ ಗುಬ್ಬಕ್ಕನ ಕಥೆ. ‘ಹೂಂ’ ಎನ್ನುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದಾಗ ಶಿಶುಶಿಕ್ಷಣದಲ್ಲಿ ಕಥೆಗೆ ದೊಡ್ಡ ಸ್ಥಾನವನ್ನು ಕೊಟ್ಟರು. 1932ರ ‘ದಿವಾಸ್ವಪ್ನ’ದಲ್ಲಿ ಅವರು ಚಿತ್ರಿಸಿದ ಉಪಾಧ್ಯಾಯನು ಗದ್ದಲದ ತರಗತಿಯನ್ನು ಗೆಲ್ಲುವುದೂ ಕಥೆಯಿಂದಲೇ.

ಇಷ್ಟರಿಂದ ನಾಲ್ಕು ಪ್ರಶ್ನೆಗಳು ಒದಗುತ್ತವೆ. ಕಥೆಯ ಎಳೆ ಒಂದೇ ಆಗಿದ್ದು, ಮಗು ಅದನ್ನು ಹಿಂಬಾಲಿಸುವಷ್ಟು ನಿಧಾನವಾಗಿದೆಯೆ? ಮಗು ಉತ್ತರಿಸಲು ಎಡೆಯಿದೆಯೆ? ಅದರ ಕನ್ನಡವು ನಾವು ಮನೆಯಲ್ಲಿ ಆಡಬಹುದಾದ ಕನ್ನಡವೆ, ಅಥವಾ ಪರಭಾಷೆಯ ತುಟಿಚಲನೆಗೆ ಹೊಂದಿಸಿದ ಸೊಟ್ಟ ವಾಕ್ಯಗಳೆ? ಮುಗಿದ ಮೇಲೆ ಮಗು ಅದರ ವಿಷಯವನ್ನು ನಮ್ಮೊಡನೆ ಆಡುತ್ತದೆಯೆ, ಆಟದಲ್ಲಿ ಅನುಕರಿಸುತ್ತದೆಯೆ, ಅಥವಾ ಮುಂದಿನ ಕಂತಿಗಾಗಿ ಅಳುತ್ತದೆಯೆ? ನಾಲ್ಕನೆಯದೇ ಮುಖ್ಯವಾದುದು. ಅಂಕಿ, ಅಕ್ಷರ, ನೀತಿಗಳನ್ನು ಎಷ್ಟೇ ತುಂಬಿದ್ದರೂ ಮಗುವನ್ನು ಮೂಕವಾಗಿಸುವ ಕಾರ್ಟೂನು ಈ ಲೆಕ್ಕದಲ್ಲಿ ಖರ್ಚಿನ ಬದಿಗೇ ಸೇರತಕ್ಕದ್ದು.

ಪ್ರಮಾಣದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಮಿತಿಯನ್ನು ಸೂಚಿಸಿದೆ. ಎರಡು ವರ್ಷದೊಳಗಿನವರಿಗೆ ಪರದೆ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದರೆ ಒಳ್ಳೆಯದು.

ಊರಿನಲ್ಲಿರುವ ಮಗುವಿಗೆ ಪರದೆ ಆರಿದ ಮೇಲೆಯೂ ಸುತ್ತಲೂ ಕನ್ನಡವಿರುತ್ತದೆ. ಇಲ್ಲಿಯ ಮಗುವಿಗಾದರೋ ತಾಯಿತಂದೆಗಳ ಹೊರತು ಕನ್ನಡದಲ್ಲಿ ಮಾತನಾಡಿಸುವವರು ವಿರಳ. ಆ ಮಾತು ತಪ್ಪಿದ ಮನೆಯಲ್ಲಿ ಒಂದೇ ತಲೆಮಾರಿಗೆ ಭಾಷೆ ಹೋಗಬಹುದು. ಆದುದರಿಂದ ಒಳ್ಳೆಯ ಕಾರ್ಟೂನನ್ನು ಆರಿಸಿದರೆ ಅರ್ಧ ಕೆಲಸವಾದಂತೆ. ಉಳಿದರ್ಧ, ಪಕ್ಕದಲ್ಲಿ ಕುಳಿತು ಅದನ್ನು ಮಾತಿಗೆ ತಿರುಗಿಸುವುದು. ನಮ್ಮ ಸಂಘಗಳು ತಿಂಗಳಿಗೊಂದು ಭಾನುವಾರ ಚಿಕ್ಕ ಮಕ್ಕಳನ್ನು ಕೂಡಿಸಿ, ಹತ್ತು ನಿಮಿಷದ ಒಂದು ಚಿತ್ರವನ್ನು ತೋರಿಸಿ, ಬಳಿಕ ಅರ್ಧ ಗಂಟೆ ಆ ಕಥೆಯನ್ನು ಅವರ ಬಾಯಿಂದಲೇ ಕನ್ನಡದಲ್ಲಿ ಕೇಳುವ ಏರ್ಪಾಡು ಮಾಡಬಹುದು. ಇದಕ್ಕೆ ಹಣ ಹೆಚ್ಚು ಬೇಡ. ಸಾವಧಾನವಾಗಿ ಕೇಳುವ ಹಿರಿಯರು ಕೆಲವರಿದ್ದರೆ ಸಾಕು.